ಹಲ್ಲಿನ ಎಕ್ಸ್‌ರೇ: ಮೂಲ ಚಿತ್ರವೇ ರೋಗಿಗೆ ಸಿಗಲಿ

ಮಾನ್ಯರೇ,

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರು ಹಲ್ಲುನೋವಿಗೆ ಮೊದಲು ಊರಿನ ಕ್ಲಿನಿಕ್ಕಿಗೆ, ರೂಟ್ ಕೆನಾಲ್ ತೊಡಕಾದರೆ ಮಂಗಳೂರು, ದೇರಳಕಟ್ಟೆಯ ದಂತ ಕಾಲೇಜುಗಳಿಗೆ ಹೋಗುವುದು ವಾಡಿಕೆ. ಅವರು ಕೊಂಡೊಯ್ಯುವ ಎಕ್ಸ್‌ರೇಗಳ ಗುಣಮಟ್ಟದ ಬಗ್ಗೆ ಈ ಭಾಗದ ದಂತವೈದ್ಯನಾಗಿ ಬರೆಯುತ್ತಿದ್ದೇನೆ.

ಡಿಜಿಟಲ್ ಎಂದರೆ ಫಿಲ್ಮಿಗಿಂತ ಸ್ಪಷ್ಟ ಎಂಬ ನಂಬಿಕೆ ಜನರಲ್ಲಿದೆ. ಅದು ಪೂರ್ತಿ ನಿಜವಲ್ಲ. ಸರಿಯಾಗಿ ತೊಳೆದ ಫಿಲ್ಮ್ ಒಂದು ಮಿಲಿಮೀಟರಿನೊಳಗೆ ಸುಮಾರು 20 ಜೋಡಿ ಗೆರೆಗಳನ್ನು ಬಿಡಿಬಿಡಿಯಾಗಿ ತೋರಿಸಬಲ್ಲದು. ಬಾಯೊಳಗಿಟ್ಟು ಚಿತ್ರವನ್ನು ನೇರ ಕಂಪ್ಯೂಟರಿಗೆ ಕಳುಹಿಸುವ ಒಳ್ಳೆಯ ಡಿಜಿಟಲ್ ಸೆನ್ಸರುಗಳು ಈಗ ಅದರ ಸಮೀಪಕ್ಕೆ ಬಂದಿದ್ದರೂ, ಎಕ್ಸ್‌ರೇ ತೆಗೆದ ಬಳಿಕ ಸ್ಕ್ಯಾನರಿನಲ್ಲಿ ಓದಿಸುವ ಅನೇಕ ಫಾಸ್ಫರ್ ಪ್ಲೇಟುಗಳು ಅದರ ಅರ್ಧದ ಆಸುಪಾಸಿನಲ್ಲೇ ಇವೆ. ಬೇರಿನ ನಾಳವನ್ನು ಶುಚಿಗೊಳಿಸುವ ಸೂಜಿಯಂಥ ಉಪಕರಣಕ್ಕೆ ಫೈಲ್ ಎನ್ನುತ್ತಾರೆ. 8ನೇ ನಂಬರಿನ ಫೈಲಿನ ತುದಿಯ ದಪ್ಪ 0.08 ಮಿ.ಮೀ. ಮಾತ್ರ, ಅದು ಬೇರಿನ ಕೊನೆಯನ್ನು ಮುಟ್ಟಿದೆಯೇ ಎಂದು ನೋಡುವಾಗ ಈ ವ್ಯತ್ಯಾಸ ತಿಳಿಯುತ್ತದೆ, ಇನ್ನೂ ದಪ್ಪನೆಯ 15ನೇ ನಂಬರಿನಿಂದಾಚೆಗೆ ಅಷ್ಟಾಗಿ ಕಾಣದು. ಆದರೆ ಫಿಲ್ಮಿನ ಗುಣ ತೊಳೆಯುವವರ ಶ್ರದ್ಧೆಯನ್ನು ಅವಲಂಬಿಸಿದೆ: ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ ಹಳತಾಗಿದ್ದರೆ ಚಿತ್ರ ಮಸುಕಾಗುತ್ತದೆ, ಚಿತ್ರವನ್ನು ಉಳಿಸುವ ಫಿಕ್ಸರಿನಲ್ಲಿ ಅವಸರ ಮಾಡಿದರೆ ಕ್ರಮೇಣ ಕಂದುಬಣ್ಣಕ್ಕೆ ತಿರುಗುತ್ತದೆ. ಸೆನ್ಸರಿಗೆ ವಿಕಿರಣವೂ ಕಡಿಮೆ ಸಾಕು, ಆದುದರಿಂದ ಅದು ಬೇಡವೆಂಬ ವಾದ ನನ್ನದಲ್ಲ.

ನನ್ನ ಆತಂಕ ಚಿತ್ರವನ್ನು ರೋಗಿಗೆ ಕೊಡುವ ಬಗೆಯ ಕುರಿತು. 12 ಬಿಟ್ಟಿನ ಸೆನ್ಸರ್ ಕಪ್ಪು ಬಿಳುಪಿನ ನಡುವೆ 4096 ಛಾಯೆಗಳನ್ನು ದಾಖಲಿಸಿದರೆ, ಮೊಬೈಲಿನ ಫೋಟೋಗಳಂತೆ ಕುಗ್ಗಿಸಿ ಉಳಿಸುವ ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಉಳಿಯುವುದು 256. ಅದನ್ನೇ ಸಾದಾ ಕಾಗದದಲ್ಲಿ ಮುದ್ರಿಸಿ ಕೊಟ್ಟರೆ ಅವುಗಳಲ್ಲೂ ಬಹುಪಾಲು ಕಾಣದಾಗುತ್ತವೆ; ವಾಟ್ಸ್ಯಾಪ್‌ನಲ್ಲಿ ಫೋಟೋವಾಗಿ ಕಳುಹಿಸಿದರೆ ವಿವರಗಳು ಇನ್ನಷ್ಟು ನಶಿಸುತ್ತವೆ. ಹಳೆಯ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು, ಡಿಜಿಟಲ್ ಮಾಡಿದ್ದೇವೆಂದು ಮೂಲವನ್ನು ಎಸೆಯುವುದಂತೂ ಅತ್ಯಂತ ವಿಷಾದದ ಸಂಗತಿ. ಫಿಲ್ಮಿನಲ್ಲಿ ಇಲ್ಲದ ವಿವರವನ್ನು ಯಾವ ಸ್ಕ್ಯಾನರೂ ಸೇರಿಸಲಾರದು.

ಪರಿಣಾಮವಾಗಿ ಮಂಗಳೂರಿನಲ್ಲಿ ಮತ್ತೆ ಎಕ್ಸ್‌ರೇ, ಮತ್ತೆ ಖರ್ಚು, ಮತ್ತೆ ವಿಕಿರಣ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಬೇರಿನ ತುದಿಯಲ್ಲಿ ಸೋಂಕನ್ನು ಸೂಚಿಸುವ ಕಪ್ಪು ಕಲೆ ಕುಗ್ಗುತ್ತಿದೆಯೋ ಹಿಗ್ಗುತ್ತಿದೆಯೋ ಎಂದು ನಿರ್ಧರಿಸಲು ಬೇಕಾದ ಹಿಂದಿನ ಚಿತ್ರವೇ ಇಲ್ಲವಾಗುತ್ತದೆ. ಇಂದಿನ ಎಕ್ಸ್‌ರೇ ಎಷ್ಟೇ ಚೆನ್ನಾಗಿದ್ದರೂ ಆ ಕೊರತೆಯನ್ನು ತುಂಬದು.

ಕ್ಲಿನಿಕ್‌ಗಳು ಡೈಕಾಮ್ ರೂಪದ (ವೈದ್ಯಕೀಯ ಚಿತ್ರಗಳಿಗೆಂದೇ ಇರುವ ಕಡತ ಮಾದರಿ) ಮೂಲ ಕಡತವನ್ನು ಇಮೇಲ್ ಅಥವಾ ಪೆನ್‌ಡ್ರೈವ್ ಮೂಲಕ ಕೊಡಬೇಕು. ವಾಟ್ಸ್ಯಾಪ್ ಅನಿವಾರ್ಯವಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಫಿಲ್ಮಾದರೆ ದಿನಾಂಕ, ಹಲ್ಲಿನ ಸಂಖ್ಯೆ ಬರೆದ ಲಕೋಟೆಯಲ್ಲಿ ಫಿಲ್ಮನ್ನೇ ಕೊಡಬೇಕು. ರೋಗಿಗಳೂ ಸಂಕೋಚಪಡದೆ ಇದನ್ನು ಕೇಳಿ ಪಡೆಯಬೇಕೆಂದು ವಿನಂತಿಸುತ್ತೇನೆ.

– ಓರ್ವ ದಂತವೈದ್ಯ, ಬದಿಯಡ್ಕ