ಸೆಲ್ಫ್ ಹೊಡೆಯುವ ಮೊದಲು ಕೈಯಲ್ಲಿ ಎರಡು ಸುತ್ತು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ವಾಹನ ಪುಟದಲ್ಲಿ ಬಿಸಿಯೇರಿ ಕೆಟ್ಟ ಎಂಜಿನ್ ಬಗ್ಗೆ ಬಂದ ಬರಹ ಓದಿದೆ. ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಯಾಕೆ ಸೊಟ್ಟಗಾಗುತ್ತದೆ, ಅದರಡಿಯ ಗ್ಯಾಸ್ಕೆಟ್ ಹೇಗೆ ಸುಡುತ್ತದೆ ಎಂಬುದನ್ನೆಲ್ಲ ಬಿಡಿಸಿ ಬರೆದಿದ್ದಾರೆ, ಸಂತೋಷ. ಆದರೆ ಕೊನೆಗೆ ‘ಹೊಸ ಹೆಡ್ ಕೂರಿಸಿ, ಟೈಮಿಂಗ್ ಮಾರ್ಕ್ ಹೊಂದಿಸಿ, ಸ್ಟಾರ್ಟ್ ಮಾಡಿದರಾಯಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಟೈಮಿಂಗ್ ಮಾರ್ಕ್ ಎಂದರೆ ಪಿಸ್ಟನ್‌ಗಳನ್ನು ಏರಿಳಿಸುವ ಕ್ರ್ಯಾಂಕ್ ಮತ್ತು ಹೆಡ್ಡಿನ ವಾಲ್ವ್‌ಗಳನ್ನು (ಗಾಳಿ-ಹೊಗೆಯ ಬಾಗಿಲುಗಳನ್ನು) ತೆರೆಯುವ ಕ್ಯಾಮ್ ಒಂದಕ್ಕೊಂದು ಹೊಂದಿ ತಿರುಗಲೆಂದು ಇರುವ ಗುರುತು. ನಾನು 31 ವರ್ಷಗಳಿಂದ ಎಂಜಿನ್ ಬಿಚ್ಚಿ ಕಟ್ಟುವ ಕೆಲಸದಲ್ಲಿದ್ದೇನೆ. ಹೆಡ್ ಕೆಲಸ ಕೆಟ್ಟಿದ್ದನ್ನು ನಾನು ಎಲ್ಲಿ ನೋಡಿದರೂ ಅದು ಹೆಚ್ಚಾಗಿ ಕೆಟ್ಟಿದ್ದು ಈ ಒಂದು ಸಾಲಿನೊಳಗೇ. ಅದಕ್ಕೇ ಈ ಪತ್ರ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಕಾರು, ವಾಲ್ವ್‌ಗಳ ನಡುವೆ ಹೆಡ್ ಬಿರುಕು ಬಿಟ್ಟಿತ್ತು. ಕೆಳಗಿನ ಕವರ್ ಬಿಚ್ಚುವ ಗೋಜು ಬೇಡವೆಂದು ಕ್ರ್ಯಾಂಕ್‌ಗೂ ಕ್ಯಾಮ್‌ಗೂ ಸುತ್ತಿದ ಬೆಲ್ಟನ್ನು ಮೇಲಿನ ಕ್ಯಾಮ್ ಚಕ್ರದಿಂದಷ್ಟೇ ಜಾರಿಸಿ ಹೆಡ್ ಇಳಿಸಿದೆ. ಪಿಸ್ಟನ್ ನೆತ್ತಿಯ ಮಸಿ ಕೆರೆಯಲು ಕ್ರ್ಯಾಂಕನ್ನು ಅತ್ತಿತ್ತ ತಿರುಗಿಸಿದೆ. ಹೊಸ ಹೆಡ್ ಕೂರಿಸುವಾಗ ಕ್ರ್ಯಾಂಕ್ ತುದಿಯ ಪುಲ್ಲಿಯ ಮೇಲಿನ ಗೆರೆಯನ್ನು ಸೊನ್ನೆಗೆ ತಂದೆ, ಕ್ಯಾಮ್ ಮಾರ್ಕ್ ಹೊಂದಿಸಿದೆ, ಬೆಲ್ಟ್ ಏರಿಸಿದೆ. ಮಾರ್ಕ್‌ಗಳೆಲ್ಲ ನೆಟ್ಟಗಿದ್ದವು. ಸೆಲ್ಫ್ ಹೊಡೆದೆ. ‘ಟಕ್’ ಎಂದು ಒಂದು ಸಣ್ಣ ಸದ್ದು. ಆಮೇಲೆ ಸ್ಟಾರ್ಟರ್ ಯಾವ ಭಾರವೂ ಇಲ್ಲದಂತೆ ಸುಯ್ಯೆಂದು ತಿರುಗಿತು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಸತ್ತ ಎಂಜಿನ್ನಿನ ಸದ್ದು ಅದು, ಒಮ್ಮೆ ಕೇಳಿದವನು ಮರೆಯುವುದಿಲ್ಲ. ಹೆಡ್ ಮತ್ತೆ ಬಿಚ್ಚಿದಾಗ ಪಿಸ್ಟನ್‌ಗಳ ನೆತ್ತಿಯ ಮೇಲೆ ಉಗುರು ಒತ್ತಿದಂಥ ಅರ್ಧಚಂದ್ರದ ಗುರುತುಗಳಿದ್ದವು. ಹೊಸ ಹೆಡ್ಡಿನ ವಾಲ್ವ್‌ಗಳು ಬಾಗಿದ್ದವು.

ತಪ್ಪಿದ್ದು ಪುಲ್ಲಿಯಲ್ಲಿ. ಆ ಪುಲ್ಲಿಯ ಒಳಗಿನ ನಡುಭಾಗಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರ್ ಇರುತ್ತದೆ. ಹಳೆಯದಾದಂತೆ ರಬ್ಬರ್ ಬಿಟ್ಟು ಹೊರಬಳೆ ಜಾರುತ್ತದೆ, ಅದರ ಮೇಲಿನ ಗೆರೆಯೂ ಜೊತೆಗೇ ಜಾರುತ್ತದೆ. ನಾನು ಸೊನ್ನೆ ಎಂದು ನಂಬಿದ್ದ ಜಾಗ ನಿಜವಾದ ಟಿಡಿಸಿಯಿಂದ, ಅಂದರೆ ಪಿಸ್ಟನ್ ತುತ್ತತುದಿಗೆ ಬರುವ ಬಿಂದುವಿನಿಂದ, ಸುಮಾರು 40 ಡಿಗ್ರಿ ಆಚೆಗಿತ್ತು. ಹೆಡ್ ಬಿಚ್ಚಿದ್ದಾಗ ಪಿಸ್ಟನ್ ನನ್ನ ಕಣ್ಣೆದುರೇ ಇತ್ತು. ಅದನ್ನು ನೋಡದೆ ಗೆರೆಯನ್ನು ನೋಡಿದೆ. ಇಂದಿಗೂ ಹೆಡ್ ಇಳಿಸಿದ ತಕ್ಷಣ ನಾನು ಮಾಡುವ ಮೊದಲ ಕೆಲಸ ಒಂದೇ: ಒಂದನೇ ಪಿಸ್ಟನ್ ನೆತ್ತಿಗೆ ಡಯಲ್ ಗೇಜ್ (ಸಣ್ಣ ಚಲನೆಯನ್ನೂ ಮುಳ್ಳಿನಲ್ಲಿ ತೋರುವ ಅಳತೆಗೋಲು) ಇಟ್ಟು ಟಿಡಿಸಿ ಹುಡುಕುವುದು. ತುದಿಯಲ್ಲಿ ಪಿಸ್ಟನ್ ಕೆಲವು ಡಿಗ್ರಿ ಅಲುಗಾಡದೆ ನಿಂತಂತೆ ಕಾಣುತ್ತದೆ, ಹಾಗಾಗಿ ಕಣ್ಣಂದಾಜು ಸಾಲದು. ಎರಡೂ ಬದಿಯಲ್ಲಿ ಮುಳ್ಳು ಒಂದೇ ಅಂಕಿ ತೋರುವಲ್ಲಿ ಗುರುತು ಹಾಕಿ, ಅವೆರಡರ ನಟ್ಟನಡುವೆ ಹಿಡಿಯಬೇಕು. ಪುಲ್ಲಿಯ ಗೆರೆ ಅಲ್ಲಿಗೆ ಬಂದರೆ ಸರಿ, ಬಾರದಿದ್ದರೆ ಪುಲ್ಲಿ ಬದಲಿಸಬೇಕು.

ಇನ್ನು ಕೂರಿಸುವ ಕ್ರಮ. ಕ್ಯಾಮ್ ಜೋಡಿಸಿದ ಹೆಡ್ಡಿನಲ್ಲಿ ಯಾವುದಾದರೂ ವಾಲ್ವ್ ತೆರೆದು ಕೆಳಗೆ ಚಾಚಿಕೊಂಡೇ ಇರುತ್ತದೆ. ಅದನ್ನು ಮೇಜಿನ ಮೇಲೆ ಬೋರಲು ಇಡಬಾರದು, ಎರಡು ಮರದ ತುಂಡಿನ ಮೇಲೆ ಇಡಬೇಕು. ಪಿಸ್ಟನ್ ಮೇಲಿರುವಾಗ ಅಂಥ ಹೆಡ್ಡನ್ನು ಕೂರಿಸಿ ಬೋಲ್ಟ್ ಬಿಗಿದರೆ, ಸೆಲ್ಫ್ ಹೊಡೆಯುವ ಮೊದಲೇ ವಾಲ್ವ್ ಬಾಗಿರುತ್ತದೆ. ನಾನು ನಾಲ್ಕು ಸಿಲಿಂಡರ್ ಎಂಜಿನ್ನಿನ ಕ್ರ್ಯಾಂಕನ್ನು ಟಿಡಿಸಿಯಿಂದ 90 ಡಿಗ್ರಿ ಹಿಂದಕ್ಕೆ ತರುತ್ತೇನೆ. ಆಗ ನಾಲ್ಕೂ ಪಿಸ್ಟನ್ ಸಿಲಿಂಡರಿನ ನಡುಮಟ್ಟದಲ್ಲಿ ನಿಲ್ಲುತ್ತವೆ. ಹೆಡ್ ಬಿಗಿದು, ಕ್ಯಾಮ್ ಮಾರ್ಕ್ ಹೊಂದಿಸಿದ ಮೇಲೇ ಕ್ರ್ಯಾಂಕನ್ನು ಮೇಲಕ್ಕೆ ತರುವುದು. ಬೆಲ್ಟ್ ಹಾಕುವಾಗ ಟೆನ್ಷನರ್ (ಬೆಲ್ಟನ್ನು ಒತ್ತಿ ಬಿಗಿಮಾಡುವ ಭಾಗ) ಇಲ್ಲದ ಬದಿ ಮೊದಲು ಬಿಗಿಯಾಗಿರಬೇಕು. ಆ ಬದಿಯಲ್ಲಿ ಸಡಿಲ ಉಳಿದರೆ, ಟೆನ್ಷನರ್ ಬಿಟ್ಟ ಕ್ಷಣ ಕ್ಯಾಮ್ ಒಂದು ಹಲ್ಲು ಓಡಿಬಿಡುತ್ತದೆ.

ಒಂದು ಹಲ್ಲು ತಾನೇ ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಕ್ಯಾಮ್ ಚಕ್ರಕ್ಕೆ 40 ಹಲ್ಲಿದ್ದರೆ ಒಂದು ಹಲ್ಲು 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ. ಗಾಡಿ ಸ್ಟಾರ್ಟ್ ಆಗಬಹುದು, ಆದರೆ ಪಿಕಪ್ ಇರುವುದಿಲ್ಲ, ಐಡ್ಲಿಂಗ್ ನಿಲ್ಲುವುದಿಲ್ಲ, ಮಾಲೀಕರು ಕಾರ್ಬುರೇಟರ್, ಪಂಪು, ಪ್ಲಗ್ಗು ಎಂದು ತಿಂಗಳುಗಟ್ಟಲೆ ಅಲೆಯುತ್ತಾರೆ. ಹೆಡ್ಡನ್ನು ಬದಲಿಸದೆ ಮೇಲ್ಮೈ ತೆಳ್ಳಗೆ ಹೆರೆಸಿ ಹಾಕಿದ್ದರೆ ಕ್ಯಾಮ್ ಕ್ರ್ಯಾಂಕಿಗೆ ಕೊಂಚ ಹತ್ತಿರವಾಗಿ ಮಾರ್ಕ್ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಅದನ್ನು ಸರಿಮಾಡಲು ಹೋಗಿ ಹಲ್ಲು ಹಾರಿಸುವುದು ಇನ್ನೂ ದೊಡ್ಡ ತಪ್ಪು.

ಈಗ ಆ ಬರಹದಲ್ಲಿ ಬಿಟ್ಟುಹೋದ ಮಾತು. ಬೆಲ್ಟ್ ಬಿಗಿದ ಮೇಲೆ ಪ್ಲಗ್ ಬಿಚ್ಚಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. 720 ಡಿಗ್ರಿ, ಎಂಜಿನ್ನಿನ ಒಂದು ಇಡೀ ಚಕ್ರ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಬೇಕು, ಒಂದು ಚೂರೂ ಒತ್ತಬಾರದು. ಆ ತಡೆ ವಾಲ್ವ್ ಪಿಸ್ಟನ್‌ಗೆ ತಗುಲಿದ್ದು. ಕೈಗೆ ಅದು ಗೊತ್ತಾಗುತ್ತದೆ, ಸ್ಟಾರ್ಟರಿಗೆ ಗೊತ್ತಾಗುವುದಿಲ್ಲ. ಎರಡು ಸುತ್ತಾದ ಮೇಲೆ ಮಾರ್ಕ್ ಮತ್ತೆ ಹೊಂದಿದರೆ ಕೆಲಸ ಮುಗಿಯಿತು, ಇಲ್ಲದಿದ್ದರೆ ಬೆಲ್ಟ್ ಮತ್ತೆ ಬಿಚ್ಚಬೇಕು. ವಾಲ್ವಿಗೂ ಪಿಸ್ಟನ್ನಿಗೂ ಸಾಕಷ್ಟು ಅಂತರವಿರುವ ಎಂಜಿನ್‌ಗಳೂ ಇವೆ, ಆದರೆ ಕೈಲಿರುವುದು ಅಂಥದ್ದೇ ಎಂದು ಊಹಿಸಿ ಕೆಲಸ ಮಾಡಬಾರದು.

ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ, ಇರುವ ಹಳೆಯ ಗಾಡಿಗಳಲ್ಲಿ ಇನ್ನೊಂದು ಮೋಸವಿದೆ. ಒಂದನೇ ಪಿಸ್ಟನ್ ಆ 720 ಡಿಗ್ರಿಯ ಚಕ್ರದಲ್ಲಿ ಎರಡು ಸಲ ತುದಿಗೆ ಬರುತ್ತದೆ, ಕಿಡಿ ಹಾರಬೇಕಾದದ್ದು ಕಂಪ್ರೆಷನ್ ಮುಗಿಯುವಾಗ ಮಾತ್ರ. ಅದನ್ನು ತಿಳಿಯಲು ನಾನು ನಾಲ್ಕನೇ ಸಿಲಿಂಡರನ್ನು ನೋಡುತ್ತೇನೆ. ಅದರ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತ, ಇನ್‌ಲೆಟ್ ತೆರೆಯುತ್ತ ಎರಡೂ ತಕ್ಕಡಿಯಂತೆ ತೂಗಾಡಿದರೆ, ಒಂದನೆಯದು ಕಿಡಿಯ ಹಂತದಲ್ಲಿದೆ ಎಂದರ್ಥ. ಆಗ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಒಂದನೇ ವಯರಿನತ್ತ ಮುಖ ಮಾಡಿರಬೇಕು. ತಿರುವುಮುರುವಾದರೆ ಎಂಜಿನ್ ಹತ್ತುವುದಿಲ್ಲ, ಕಾರ್ಬುರೇಟರ್ ಮೂಲಕ ಬ್ಯಾಕ್‌ಫೈರ್ ಹೊಡೆಯುತ್ತದೆ. ಕೊನೆಗೆ ಎಂಜಿನ್ ಬಿಸಿಯಾದ ಮೇಲೆ, ಆ ಗಾಡಿಯ ಮ್ಯಾನ್ಯುಯಲ್ ಹೇಳಿದಂತೆ ಕಿಡಿಯ ಜೊತೆಗೇ ಮಿನುಗುವ ಟೈಮಿಂಗ್ ಲೈಟ್ ಹಿಡಿದು ಕಿಡಿಯ ಡಿಗ್ರಿ ಕೂರಿಸಬೇಕು. ಕಿವಿಯ ಅಂದಾಜಿಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಗಾಡಿ ಮಾಲೀಕರಲ್ಲಿ ಒಂದು ಮನವಿ. ಹೆಡ್ ಕೆಲಸಕ್ಕೆ ಬಿಟ್ಟಾಗ ‘ಸಂಜೆಯೊಳಗೆ ಬೇಕು’ ಎನ್ನಬೇಡಿ. ‘ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿದಿರಾ?’ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಸಂಪಾದಕರೇ, ಆ ಬರಹವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡ ಹುಡುಗನೊಬ್ಬ ನನ್ನ ಬಳಿಯೇ ಕೆಲಸ ಕಲಿಯುತ್ತಿದ್ದಾನೆ. ಮುಂದಿನ ವಾರದ ವಾಹನ ಪುಟದಲ್ಲಿ ಆ ಕೊನೆಯ ಸಾಲಿಗೆ ತಿದ್ದುಪಡಿ ಹಾಕಿದರೆ, ಅದನ್ನೂ ಅದರ ಕೆಳಗೇ ಅಂಟಿಸುತ್ತೇವೆ.

ಇಂತಿ,
ಒಬ್ಬ ಎಂಜಿನ್ ಮೆಕ್ಯಾನಿಕ್