48 ಗಂಟೆಯೊಳಗೆ ವಾರಾಂತ್ಯವೇ ಮುಗಿದಿರುತ್ತದೆ

ಮಾನ್ಯ ಸಂಪಾದಕರೇ,

ಸಿನಿಮಾದ ಕಳ್ಳಪ್ರತಿ ಮೊಬೈಲ್‌ಗೆ ಬಂದ ಕೂಡಲೇ ಬೈಸಿಕೊಳ್ಳುವವರು ಥಿಯೇಟರ್‌ನವರು. ಆದರೆ ಪ್ರೊಜೆಕ್ಟರ್ ಕೋಣೆಯಿಂದ ಚಿತ್ರ ಕದಿಯುವುದು ಈಗ ಸುಲಭವಲ್ಲ. ಹಾರ್ಡ್ ಡಿಸ್ಕ್‌ನಲ್ಲೋ ಉಪಗ್ರಹದ ಮೂಲಕವೋ ಬರುವ ಚಿತ್ರಕ್ಕೆ ಬೀಗ ಬಿದ್ದಿರುತ್ತದೆ. ಅದರ ಡಿಜಿಟಲ್ ಕೀಲಿ ಆಯಾ ಥಿಯೇಟರಿನ ಸರ್ವರ್‌ನಲ್ಲಿ, ಗೊತ್ತುಪಡಿಸಿದ ದಿನಗಳಲ್ಲಷ್ಟೇ ತೆರೆಯುತ್ತದೆ. ಕಳವು ನಡೆಯುವುದು ಸೀಟಿನಲ್ಲಿ ಕೂತವನ ಮೊಬೈಲ್‌ನಿಂದ. ಆ ಪ್ರತಿಯಲ್ಲಿ ಶಿಳ್ಳೆ, ಕೆಮ್ಮು ಎಲ್ಲವೂ ಕೇಳುತ್ತದೆ, ಎದ್ದು ಹೋಗುವವರ ತಲೆಯೂ ಕಾಣುತ್ತದೆ. ಚಿತ್ರದೊಳಗೆ ಸೇರಿಸಿರುವ, ಕಣ್ಣಿಗೆ ಕಾಣದ ಗುರುತಿನಿಂದ (ವಾಟರ್‌ಮಾರ್ಕ್) ಯಾವ ಥಿಯೇಟರ್, ಯಾವ ಆಟ ಎಂಬುದನ್ನು ಪತ್ತೆ ಹಚ್ಚಬಹುದು, ಆದರೆ ಅಷ್ಟರಲ್ಲಿ ಲಿಂಕ್ ಊರೆಲ್ಲ ಸುತ್ತಿರುತ್ತದೆ.

ಪೈರಸಿ ತಾಣದಲ್ಲಿ ಸಾಮಾನ್ಯವಾಗಿ ಸಿನಿಮಾ ಇರುವುದೇ ಇಲ್ಲ. ಫೈಲ್ ಬೇರೆಲ್ಲೋ ಇರುತ್ತದೆ, ತಾಣದಲ್ಲಿ ಲಿಂಕ್ ಮಾತ್ರ. ವಿಳಾಸ ಬ್ಲಾಕ್ ಆದರೆ ಹೆಸರಿನ ಬಾಲ (.com ಥರದ್ದು) ಬದಲಿಸಿ ಅದೇ ಅಂಗಡಿ ಮತ್ತೆ ತೆರೆಯುತ್ತಾರೆ, ಹೊಸ ವಿಳಾಸವನ್ನು ಟೆಲಿಗ್ರಾಂನಲ್ಲಿ ಹಾಕುತ್ತಾರೆ. 'ಡೌನ್‌ಲೋಡ್' ಒತ್ತಿದವರನ್ನು ಮೂರ್ನಾಲ್ಕು ಪುಟ ಸುತ್ತಿಸುವುದು ಸುಮ್ಮನೆ ಅಲ್ಲ. ಪುಟಕ್ಕೊಂದು ಬೆಟ್ಟಿಂಗ್ ಜಾಹೀರಾತು, ಅದೇ ಅವರ ಸಂಪಾದನೆ. ನಡುವೆ ಎಪಿಕೆ, ಅಂದರೆ ಆ್ಯಪ್‌ನ ಫೈಲ್, ಇಳಿಸಿಕೊಳ್ಳಲು ಹೇಳಿದರೆ ಎಚ್ಚರ. ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿಯೂ ಅವರ ಕೈ ಸೇರುತ್ತದೆ.

2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಕಠಿಣವಾಗಿಯೇ ಇದೆ: 3 ತಿಂಗಳಿನಿಂದ 3 ವರ್ಷ ಜೈಲು, 3 ಲಕ್ಷ ರೂಪಾಯಿಯಿಂದ ನಿರ್ಮಾಣ ವೆಚ್ಚದ ಶೇ 5ರವರೆಗೆ ದಂಡ. ಅದೇ ವರ್ಷದ ನವೆಂಬರ್‌ನಲ್ಲಿ, ಪೈರಸಿ ದೂರು ಪಡೆದು ಲಿಂಕ್ ತೆಗೆಯಲು ಸೂಚಿಸುವ ನೋಡಲ್ ಅಧಿಕಾರಿಗಳೂ ನೇಮಕವಾದರು. ತೊಡಕಿರುವುದು ಗಡುವಿನಲ್ಲಿ. ಅಧಿಕಾರಿ ಸೂಚಿಸಿದ ಮೇಲೆ ಲಿಂಕ್ ತೆಗೆಯಲು 48 ಗಂಟೆ. ಶುಕ್ರವಾರ ಸಂಜೆ ಸೂಚನೆ ಹೋದರೆ ಭಾನುವಾರ ಸಂಜೆ. ಸಕಲೇಶಪುರ, ಅರಸೀಕೆರೆಯಂಥ ಕಡೆ ಸಣ್ಣ ಕನ್ನಡ ಚಿತ್ರ ನಿಲ್ಲುತ್ತದೋ ಎತ್ತಂಗಡಿಯೋ ಎಂಬುದು ಆ ಮೂರು ದಿನದಲ್ಲೇ ತೀರ್ಮಾನ. ಬಾಡಿಗೆ ಪದ್ಧತಿಯಲ್ಲಂತೂ ಸೀಟು ಖಾಲಿ ಹೊಡೆದರೂ ನಿರ್ಮಾಪಕ ವಾರದ ಬಾಡಿಗೆ ಕಟ್ಟಲೇಬೇಕು.

ಬಿಡುಗಡೆಯ ಮೊದಲ ಮೂರು ದಿನಕ್ಕಾದರೂ ಈ ಗಡುವು 4 ಗಂಟೆಗೆ ಇಳಿಯಲಿ. ನಿರ್ಮಾಪಕರೂ ದೂರು ಕೊಡುವವರ ಅಧಿಕಾರಪತ್ರವನ್ನು ಗುರುವಾರವೇ ಸಿದ್ಧವಿಡಲಿ. ಹಕ್ಕುದಾರರಲ್ಲದವರು ದೂರಿದರೆ ವಿಚಾರಣೆಗೇ ಸಮಯ ಹೋಗಬಹುದು. ದೂರಿನಲ್ಲಿ ಪೂರ್ತಿ ವಿಳಾಸ, ಸಮಯ, ಸ್ಕ್ರೀನ್‌ಶಾಟ್ ಇರಬೇಕು. ವಿಳಾಸ ಕಾಣುವ ಮೇಲಿನ ಭಾಗವನ್ನೇ ಕತ್ತರಿಸಿ ಕಳಿಸಿದ ಸ್ಕ್ರೀನ್‌ಶಾಟ್‌ನಿಂದ ಏನೂ ಆಗದು. ಇನ್ನು ಅಭಿಮಾನಿಗಳು 'ನೋಡಿ, ಎಂಥ ಅನ್ಯಾಯ' ಎಂದು ಲಿಂಕ್ ಸಮೇತ ಸ್ಟೇಟಸ್ ಹಾಕುವುದನ್ನು ಬಿಟ್ಟು, ಅದನ್ನು ಚಿತ್ರತಂಡಕ್ಕಷ್ಟೇ ಕಳಿಸಲಿ.

– ಚಿತ್ರ ಪ್ರದರ್ಶನ ತಂತ್ರಜ್ಞರು, ಹಾಸನ