ರೆಕಾರ್ಡ್ ಪುಸ್ತಕದಲ್ಲಿ ಪ್ರಶ್ನೆಗೂ ಜಾಗವಿರಲಿ

ಮಾನ್ಯರೇ,

ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಕಳೆದ ವಾರ ವಿಜ್ಞಾನದ ರೆಕಾರ್ಡ್ ಪುಸ್ತಕದಲ್ಲಿ ಲೋಲಕದ ಪ್ರಯೋಗ ಬರೆದು, ಕೊನೆಗೆ ಪೆನ್ಸಿಲ್‌ನಲ್ಲಿ ‘ದಾರದ ಬದಲು ರಬ್ಬರ್ ಬ್ಯಾಂಡ್ ಕಟ್ಟಿದರೆ?’ ಎಂದು ಸೇರಿಸಿದ್ದಳು. ಅದರ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ‘ಅನಗತ್ಯ’ ಅಂತ ಷರಾ. ತುಂಬಾ ಬೇಜಾರಾಯಿತು.

1921ರಲ್ಲಿ ಹಡಗಿನಲ್ಲಿ ಬರುತ್ತಿದ್ದ ಸಿ.ವಿ. ರಾಮನ್ ಅವರಿಗೂ ಒಂದು ಪ್ರಶ್ನೆ ಹುಟ್ಟಿತ್ತು: ಸಮುದ್ರ ಯಾಕೆ ಇಷ್ಟು ನೀಲಿ? ಆಕಾಶದ ಬಿಂಬ ಎಂಬ ಉತ್ತರ ಆಗಲೇ ಇತ್ತು. ಅವರು ಅದನ್ನು ಒಪ್ಪಿ ಸುಮ್ಮನಾಗಲಿಲ್ಲ. ಬೆಳಕನ್ನು ಸೋಸುವ ಪುಟ್ಟ ಹರಳು, ನಿಕೋಲ್ ಪ್ರಿಸಂ ಹಿಡಿದು, ಆಕಾಶದ ಪ್ರತಿಫಲನ ತಡೆದು ನೋಡಿದರು. ನೀಲಿ ಹಾಗೇ ಉಳಿಯಿತು! ನೀರೇ ಬೆಳಕನ್ನು ಚದುರಿಸುತ್ತದೆ ಎಂದರು. ಆ ಜಾಡು 1928ರ ರಾಮನ್ ಪರಿಣಾಮದವರೆಗೆ, ಅಂದರೆ ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗದ ಬಣ್ಣವೇ ಬದಲಾಗುತ್ತದೆ ಎಂಬ ಶೋಧದವರೆಗೆ ಹೋಯಿತು.

ಅವರು 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಇಲ್ಲೇ, ಬೆಂಗಳೂರಿನ ಮೇಖ್ರಿ ಸರ್ಕಲ್ ಹತ್ತಿರವಿದೆ. ಸಂಶೋಧನೆಗೆ ಯಂತ್ರ, ಅನುದಾನ ಎಲ್ಲಾ ಬೇಕು, ನಿಜ. ಆದರೆ ಕಲ್ಪನೆಯೇ ಇಲ್ಲದಿದ್ದರೆ ಆ ಯಂತ್ರಕ್ಕೆ ಏನು ಕೇಳುವುದು, ಅಲ್ವಾ? ಪ್ರತಿ ಪ್ರಯೋಗದ ಕೊನೆಗೆ ‘ನನ್ನ ಪ್ರಶ್ನೆ’ ಎಂದು ನಾಲ್ಕು ಗೆರೆ ಜಾಗ ಬಿಡಿಸಿ, ಅದಕ್ಕೂ ಒಂದು ಅಂಕ ಕೊಡಿಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ಒಬ್ಬ ತಾಯಿ, ಮಲ್ಲೇಶ್ವರ, ಬೆಂಗಳೂರು